ಶಿಲ್ಪಿಯ ಋಣ

ಸುಳ್ಯ ಪೇಟೆಯಿಂದ ಪಯಸ್ವಿನೀ ನದಿಯನ್ನು ದಾಟಿ ಮಂಡೆಕೋಲಿನ ಕಡೆಗೆ ಸಾಗುವ ದಾರಿಯಲ್ಲಿ ಅಜ್ಜಾವರವೆಂಬ ಗ್ರಾಮವಿದೆ. ಅಡಿಕೆ ತೋಟಗಳೂ ಗುಡ್ಡಗಳೂ ತುಂಬಿದ ಈ ಊರಿನಲ್ಲಿ ತುಳು, ಕನ್ನಡ, ಅರೆಭಾಷೆ, ಮಲಯಾಳ ಈ ನಾಲ್ಕು ಮಾತುಗಳೂ ಕಿವಿಗೆ ಬೀಳುತ್ತವೆ. ಕೇರಳದ ಗಡಿ ಇಲ್ಲಿಗೆ ಸಮೀಪ. 1834ರವರೆಗೆ ಈ ಸೀಮೆಯು ಕೊಡಗಿನ ಅರಸರ ಆಡಳಿತಕ್ಕೆ ಒಳಪಟ್ಟಿತ್ತು. ಊರಿನ ಮಹಿಷಮರ್ದಿನಿ ದೇವಸ್ಥಾನ ಪ್ರಸಿದ್ಧವಾದುದು. ಆದರೆ ಇಲ್ಲಿನ ಜನರ ನಿತ್ಯದ ಭಯಭಕ್ತಿಗಳು, ಜಗಳ ರಾಜಿಗಳು, ಮಾತು ತಪ್ಪಿದವನ ತಪ್ಪೊಪ್ಪಿಗೆಗಳು ಹೆಚ್ಚಾಗಿ ಸಲ್ಲುವುದು ದೈವಗಳ ಸನ್ನಿಧಿಯಲ್ಲಿ.

ಕೆಲವು ವರ್ಷಗಳ ಹಿಂದೆ, ಪತ್ತನಾಜೆಗೆ ಇನ್ನೂ ತಿಂಗಳಿರುವಾಗ, ಈ ಊರಿನ ಒಂದು ಕೃಷಿಕ ಮನೆತನದಲ್ಲಿ ಕಲ್ಲುರ್ಟಿ ಕಲ್ಕುಡ ದೈವಗಳ ನೇಮ ನಡೆಯಿತು. ಆಹ್ವಾನಿತರ ಸಾಲಿನಲ್ಲಿ ಜೈನ ವರ್ತಕರೊಬ್ಬರು ಕುಳಿತಿದ್ದರು. ಅಡಿಕೆ ವ್ಯಾಪಾರದ ಮೂಲಕ ಆ ಮನೆಯವರಿಗೂ ಅವರಿಗೂ ಎರಡು ತಲೆಮಾರಿನ ಸ್ನೇಹ. ಜೊತೆಯಲ್ಲಿ ಬೆಂಗಳೂರಿನಿಂದ ಬೇಸಗೆಯ ರಜೆಗೆ ಬಂದಿದ್ದ ಹನ್ನೊಂದು ವರ್ಷದ ಮೊಮ್ಮಗಳು. ಸಾಯಂಕಾಲದ ಊಟವನ್ನು ಸೂರ್ಯಾಸ್ತಕ್ಕೆ ಮೊದಲೇ ಮುಗಿಸಿ, ಮನೆಯಲ್ಲಿ ಸಾಮಾಯಿಕ ಮಾಡಿ, ಆಮೇಲೆ ಬಂದವರು ಅವರು. ಶ್ರದ್ಧಾವಂತ ಶ್ರಾವಕರು. ದೈವದ ಮುಂದೆ ಹರಕೆ ಹೇಳುವ ಅಭ್ಯಾಸ ಅವರಿಗಿರಲಿಲ್ಲ. ಸ್ನೇಹಿತನ ಮನೆಯ ಕಾರ್ಯಕ್ಕೆ ಹೋಗದಿರುವ ಒರಟುತನವೂ ಇರಲಿಲ್ಲ.

ನೇಮವನ್ನು ನೋಡದವರಿಗೆ ಅದರ ಕ್ರಮವನ್ನು ಸ್ವಲ್ಪ ವಿವರಿಸಬೇಕು. ನಲಿಕೆ, ಪರವ, ಪಂಬದ ಮುಂತಾದ ಸಮುದಾಯಗಳ ಕಲಾವಿದರು ಇದನ್ನು ವಂಶಪಾರಂಪರ್ಯವಾಗಿ ನಡೆಸಿಕೊಂಡು ಬಂದಿದ್ದಾರೆ. ದೈವದ ಭಂಡಾರವು ಮೆರವಣಿಗೆಯಲ್ಲಿ ಚಪ್ಪರಕ್ಕೆ ಬರುತ್ತದೆ. ದೈವ ಕಟ್ಟುವವನು ಎಣ್ಣೆಬೂಳ್ಯವನ್ನು ಪಡೆದು, ಸ್ನಾನ ಮಾಡಿ ಬಂದು, ಮುಖಕ್ಕೆ ಅರದಾಳ ಹಚ್ಚಿಸಿಕೊಳ್ಳುತ್ತಾ ಕುಳಿತಿರುವಾಗ, ಅವನ ಮನೆಯ ಹಿರಿಯ ಹೆಂಗಸೊಬ್ಬಳು ತೆಂಬರೆಯೆಂಬ ಪುಟ್ಟ ಚರ್ಮವಾದ್ಯವನ್ನು ಬಾರಿಸುತ್ತಾ ಪಾಡ್ದನವನ್ನು ಹೇಳುತ್ತಾಳೆ. ಪಾಡ್ದನವೆಂದರೆ ಆ ದೈವದ ಚರಿತ್ರೆ: ಅದು ಎಲ್ಲಿ ಹುಟ್ಟಿತು, ಯಾವ ಅನ್ಯಾಯದಿಂದ ಮಾಯವಾಯಿತು, ಯಾವ ಯಾವ ಊರುಗಳನ್ನು ದಾಟಿ ಇಲ್ಲಿಗೆ ಬಂದು ನೆಲೆಯಾಯಿತು ಎಂಬ ವೃತ್ತಾಂತ. ಆಮೇಲೆ ತೆಂಗಿನ ಎಳೆಗರಿಯ ಸಿರಿ, ಬೆನ್ನಿಗೆ ಅಣಿ, ಕಾಲಿಗೆ ಗಗ್ಗರ. ವಾಲಗ, ಡೋಲುಗಳ ಗತಿ ಏರಿದಂತೆ ಆ ಮನುಷ್ಯನ ಮೈಯಲ್ಲಿ ಆವೇಶ ತುಂಬುತ್ತದೆ. ಕೊನೆಗೆ ನುಡಿ. ಮನೆಯ ಯಜಮಾನನನ್ನೂ ಸಂಸಾರವನ್ನೂ ಊರಿನ ಪ್ರಮುಖರನ್ನೂ ಅವರವರ ಸ್ಥಾನಕ್ಕೆ ತಕ್ಕಂತೆ ಕರೆದು, ಅಭಯ ಕೊಟ್ಟು, ತಪ್ಪಿದವರನ್ನು ಗದರಿಸಿ, ವ್ಯಾಜ್ಯಗಳನ್ನು ಇತ್ಯರ್ಥಪಡಿಸುವ ಮಾತುಗಾರಿಕೆ ಅದು. ಹೀಗೆ ಹಾಡು, ವಾದ್ಯ, ಕುಣಿತ, ಊರಿನ ಇತಿಹಾಸ, ನ್ಯಾಯಸ್ಥಾನ ಎಲ್ಲವೂ ಒಂದೇ ರಾತ್ರಿಯಲ್ಲಿ ಕೂಡಿಬರುತ್ತವೆ. 2022ರಲ್ಲಿ ‘ಕಾಂತಾರ’ ಚಲನಚಿತ್ರ ಬಂದಮೇಲೆ ಇದರ ಹೆಸರು ದೇಶವೆಲ್ಲ ಹಬ್ಬಿತು. ಕರಾವಳಿಯವರಿಗೆ ಮಾತ್ರ ಇದು ತಲೆತಲಾಂತರದ ಪರಿಚಯ.

ಜೈನ ಶ್ರಾವಕನೊಬ್ಬನು ಇದನ್ನು ಹೇಗೆ ಕಾಣಬೇಕು? ನಮ್ಮ ಆಗಮಗಳು ಇಂಥ ಶಕ್ತಿಗಳ ಅಸ್ತಿತ್ವವನ್ನೇ ಅಲ್ಲಗಳೆಯುವುದಿಲ್ಲ. ತತ್ತ್ವಾರ್ಥಸೂತ್ರದ ನಾಲ್ಕನೆಯ ಅಧ್ಯಾಯದಲ್ಲಿ ದೇವತೆಗಳ ನಾಲ್ಕು ನಿಕಾಯಗಳನ್ನು ಹೇಳಿದೆ. ಅವುಗಳಲ್ಲಿ ವ್ಯಂತರರು ಎಂಟು ಬಗೆ. ಕಿನ್ನರ, ಕಿಂಪುರುಷ, ಮಹೋರಗ, ಗಂಧರ್ವ, ಯಕ್ಷ, ರಾಕ್ಷಸರ ಬಳಿಕ ಏಳನೆಯ ಹೆಸರೇ ಭೂತ. ಅವರೂ ಸಂಸಾರಿಗಳು, ರಾಗದ್ವೇಷಗಳಿಗೆ ಒಳಗಾದವರು, ಕರ್ಮಬಂಧದಲ್ಲಿರುವವರು. ವರವನ್ನು ಬಯಸಿ ರಾಗದ್ವೇಷಿಗಳಾದ ದೇವತೆಗಳನ್ನು ಆರಾಧಿಸುವುದು ದೇವಮೂಢತೆಯೆಂದು ಸಮಂತಭದ್ರಾಚಾರ್ಯರು ರತ್ನಕರಂಡಕ ಶ್ರಾವಕಾಚಾರದಲ್ಲಿ ಎಚ್ಚರಿಸಿದ್ದಾರೆ. ಇತ್ತ ತುಳುನಾಡಿನ ಜೈನ ಬೀಡುಗಳೂ ಗುತ್ತುಗಳೂ ಅನೇಕ ದೈವಸ್ಥಾನಗಳ ಆಡಳಿತವನ್ನು ನಡೆಸುತ್ತ ಬಂದಿವೆ. ಧರ್ಮಸ್ಥಳದ ನೆಲ್ಯಾಡಿ ಬೀಡಿನ ಜೈನ ದಂಪತಿಗಳಾದ ಬಿರ್ಮಣ್ಣ ಪೆರ್ಗಡೆ ಮತ್ತು ಅಮ್ಮು ಬಲ್ಲಾಳ್ತಿಯರು ಧರ್ಮದೈವಗಳಿಗೆ ತಮ್ಮ ಮನೆಯನ್ನೇ ಬಿಟ್ಟುಕೊಟ್ಟ ಕಥೆಯನ್ನು ಅರಿಯದವರಿಲ್ಲ. ಸಿದ್ಧಾಂತ ಹಾಗೂ ಲೋಕಾಚಾರಗಳ ನಡುವಿನ ಈ ಹಾದಿಯಲ್ಲಿ ನಮ್ಮ ಹಿರಿಯರು ಒಂದು ಗೆರೆಯನ್ನು ಎಳೆದುಕೊಂಡಿದ್ದರು: ಆಡಳಿತ ನಡೆಸಬಹುದು, ಗೌರವ ತೋರಬಹುದು, ಹಿಂಸೆಗೆ ಕೈಹಾಕಬಾರದು. ಹಿಟ್ಟಿನ ಕೋಳಿಯನ್ನು ಬಲಿಕೊಟ್ಟ ಸಂಕಲ್ಪಮಾತ್ರಕ್ಕೆ ತಾಯಿ ಮಗ ಇಬ್ಬರೂ ಭವಭವಗಳಲ್ಲಿ ತೊಳಲಿದ ಕಥೆಯನ್ನು ಜನ್ನನು 1209ರಲ್ಲಿ ಯಶೋಧರ ಚರಿತೆಯಲ್ಲಿ ಬರೆದಿಟ್ಟಿರುವಾಗ, ಈ ಗೆರೆಯನ್ನು ಅಳಿಸುವ ಧೈರ್ಯ ಯಾರಿಗುಂಟು?

ಆ ರಾತ್ರಿ ಆ ಹಿರಿಯರ ಮನಸ್ಸಿನಲ್ಲಿಯೂ ಇದೇ ಗೆರೆಯ ವಿಚಾರವಿತ್ತು. ಬಲಿಯ ಹೊತ್ತಿಗೆ ಮೊಮ್ಮಗಳನ್ನು ಕರೆದುಕೊಂಡು ಎದ್ದುಬಿಡಬೇಕೆಂದು ಅವರು ನಿಶ್ಚಯಿಸಿದ್ದರು. ಆದರೆ ಅವರ ನೆಮ್ಮದಿಯನ್ನು ಕದಡಿದ್ದು ಕೋಳಿಯ ವಿಚಾರವಲ್ಲ.

ಪಾಡ್ದನ ಆರಂಭವಾಯಿತು. ಹುಡುಗಿಗೆ ತುಳು ಬಾರದು. ಹಿರಿಯರು ಅವಳ ಕಿವಿಯ ಹತ್ತಿರ ಬಾಗಿ ಕಥೆಯನ್ನು ಕನ್ನಡದಲ್ಲಿ ಹೇಳತೊಡಗಿದರು. ಶಂಭು ಕಲ್ಕುಡನೆಂಬ ಶಿಲ್ಪಿ ಬೆಳಗೊಳಕ್ಕೆ ಹೋಗಿ ಮೂರ್ತಿಯನ್ನು ಕಡೆದನು. ತಂದೆಯನ್ನು ಹುಡುಕುತ್ತಾ ಬಂದ ಮಗ ಬೀರ ಕಲ್ಕುಡನು ಆ ಕೆಲಸದಲ್ಲಿ ದೋಷವನ್ನು ತೋರಿಸಿದನು. ಅಭಿಮಾನಭಂಗದಿಂದ ತಂದೆ ಪ್ರಾಣಬಿಟ್ಟನು. ಬೀರ ಕಲ್ಕುಡನ ಖ್ಯಾತಿಯನ್ನು ಕೇಳಿ ಕಾರ್ಕಳದ ಭೈರರಸನು ಅವನನ್ನು ಕರೆಯಿಸಿದನು. ಅವನು ಗೊಮ್ಮಟನನ್ನು ಕಡೆದು ನಿಲ್ಲಿಸಿದನು. ಕೆಲಸ ಮುಗಿದ ಮೇಲೆ ಉಡುಗೊರೆಯನ್ನು ಪಡೆಯಲು ಅರಮನೆಗೆ ಹೋದನು.

ಇಲ್ಲಿ ಹಿರಿಯರ ಮಾತು ನಿಂತಿತು. ತೆಂಬರೆ ನಿಲ್ಲಲಿಲ್ಲ.

“ಆಮೇಲೆ ಏನಾಯಿತು, ಅಜ್ಜ?”

“ಇಂಥ ಕೆಲಸ ಬೇರೆ ಊರಿನಲ್ಲಿ ಆಗಬಾರದು ಎಂದು ಅರಸ ಅವನ ಎಡಗೈಯನ್ನೂ ಬಲಗಾಲನ್ನೂ ಕಡಿಸಿದನಂತೆ.”

ಹುಡುಗಿ ಸ್ವಲ್ಪ ಹೊತ್ತು ಸುಮ್ಮನಿದ್ದಳು. 2015ರ ಮಹಾಮಸ್ತಕಾಭಿಷೇಕಕ್ಕೆ ತಾಯಿಯ ತೋಳಿನಲ್ಲಿ ಕಾರ್ಕಳದ ಬೆಟ್ಟ ಹತ್ತಿದ್ದ ಮಗು ಅದು. ಆ ಚಿತ್ರ ಅವರ ಮನೆಯ ಗೋಡೆಯ ಮೇಲಿದೆ.

“ಕಾರ್ಕಳದ ಗೊಮ್ಮಟನನ್ನು ಮಾಡಿಸಿದ ಅರಸನೇ? ಅವನು ನಮ್ಮವನಲ್ಲವೇ ಅಜ್ಜ?”

ಹಿರಿಯರು ಉತ್ತರಿಸಲಿಲ್ಲ. ಪಾಡ್ದನ ಮುಂದುವರಿಯಿತು. ಒಂದೇ ಕೈಯ ಶಿಲ್ಪಿ ವೇಣೂರಿಗೆ ಹೋಗಿ ಅಲ್ಲಿನ ಅರಸು ತಿಮ್ಮಣ್ಣಾಜಿಲನಿಗೆ ಇನ್ನೊಂದು ಗೊಮ್ಮಟನನ್ನು ಕಡೆದುಕೊಟ್ಟನು. ಅಣ್ಣನನ್ನು ಹುಡುಕಿಕೊಂಡು ಬಂದ ತಂಗಿ ಅವನ ಅವಸ್ಥೆಯನ್ನು ಕಂಡು ರೋದಿಸಿದಳು. ಇಬ್ಬರೂ ಮಾಯವಾಗಿ, ಕಲ್ಕುಡ ಕಲ್ಲುರ್ಟಿಯೆಂಬ ದೈವಗಳಾಗಿ, ಕಾರ್ಕಳದ ಅರಸನನ್ನು ಕಾಡಿದರು.

ಮರುದಿನ ಹಿರಿಯರು ತಮ್ಮ ಪುಸ್ತಕಗಳನ್ನು ತೆಗೆದರು. ಮೊಮ್ಮಗಳಿಗೆ ಹೇಳಲು ಒಂದು ಉತ್ತರ ಬೇಕಾಗಿತ್ತು. ಉತ್ತರ ಸುಲಭವಾಗಿಯೇ ದೊರಕಿತು. ಕಾರ್ಕಳದ 42 ಅಡಿ ಎತ್ತರದ ಬಾಹುಬಲಿಯನ್ನು ವೀರಪಾಂಡ್ಯನು ಗುರು ಲಲಿತಕೀರ್ತಿಗಳ ಉಪದೇಶದಿಂದ ಪ್ರತಿಷ್ಠಾಪಿಸಿದ್ದು 1432ರ ಫೆಬ್ರವರಿ 13ರಂದು. ವೇಣೂರಿನ ಮೂರ್ತಿಯ ಪ್ರತಿಷ್ಠೆ 1604ರಲ್ಲಿ. ನಡುವೆ 172 ವರ್ಷಗಳ ಅಂತರ. ಬೆಳಗೊಳದ ಮೂರ್ತಿಯಾದರೋ ಹತ್ತನೆಯ ಶತಮಾನದ ಕೊನೆಯದು. ಕಾರ್ಕಳಕ್ಕಿಂತ ಸುಮಾರು 450 ವರ್ಷ ಹಿಂದಿನದು. ತಂದೆ ಬೆಳಗೊಳದಲ್ಲಿ, ಮಗ ಕಾರ್ಕಳದಲ್ಲಿ, ಅದೇ ಮಗ ವೇಣೂರಿನಲ್ಲಿ ದುಡಿದಿರುವುದು ಅಸಾಧ್ಯ. ವೀರಪಾಂಡ್ಯನು ಇಂಥ ಕ್ರೌರ್ಯವೆಸಗಿದನೆಂದು ಪಾಡ್ದನದ ಆಧಾರದಿಂದ ತೀರ್ಪು ಕೊಡಲಾಗದು. ಅರಸನು ನಿರ್ದೋಷಿ, ಕಥೆ ಕಟ್ಟುಕಥೆ. ಲೆಕ್ಕ ಸರಿಹೋಯಿತು.

ಆದರೆ ಲೆಕ್ಕ ಬಲ್ಲವನಿಗೆ ಒಂದು ವಿಷಯ ಗೊತ್ತಿರುತ್ತದೆ. ಮೊತ್ತ ಸರಿಹೋದ ಮಾತ್ರಕ್ಕೆ ಲೆಕ್ಕ ಸತ್ಯವಾಗುವುದಿಲ್ಲ.

ಶಾಸನವನ್ನು ಬರೆಯಿಸಿದವನು ಹಣ ಕೊಟ್ಟವನು. ಪಾಡ್ದನವನ್ನು ಕಟ್ಟಿ ಹಾಡಿದವರು ಕಲ್ಲು ಹೊತ್ತವರ, ಗದ್ದೆ ಉತ್ತವರ ಕಡೆಯವರು. ಶಾಸನವು ಅರಸನ ಹೆಸರನ್ನೂ ಗುರುವಿನ ಹೆಸರನ್ನೂ ಶಕವರ್ಷವನ್ನೂ ನಮಗೆ ಉಳಿಸಿಕೊಟ್ಟಿತು. ಶಿಲ್ಪಿಗೊಂದು ಹೆಸರನ್ನು ಉಳಿಸಿಕೊಟ್ಟದ್ದು ಪಾಡ್ದನ. ಆ ಹೆಸರಾದರೂ ಕಲ್ಲಿನ ಕಸುಬನ್ನೇ ಹೇಳುವ ಹೆಸರು. ಮೂರು ಊರಿನ, ಮೂರು ಕಾಲದ ಗೊಮ್ಮಟರನ್ನು ಒಂದೇ ಕುಟುಂಬದ ತಲೆಗೆ ಕಟ್ಟಿದ ಜನರಿಗೆ ಕಾಲಗಣನೆ ತಿಳಿಯದಿದ್ದಿರಬಹುದು. ಆ ಮೂರ್ತಿಗಳನ್ನು ಕಡೆದವರು ಒಂದೇ ಕುಲದವರು, ಅದು ದುಡಿದವರ ಕುಲ, ಎಂಬುದು ಮಾತ್ರ ಅವರಿಗೆ ತಿಳಿದಿತ್ತು. ಅನೇಕಾಂತವಾದವನ್ನು ಜಗತ್ತಿಗೆ ಕೊಟ್ಟವರು ನಾವು. ಒಂದೇ ನಯವನ್ನು ಹಿಡಿದು ಅದೇ ಪೂರ್ಣಸತ್ಯವೆನ್ನುವುದು ಏಕಾಂತದೃಷ್ಟಿಯೆಂದು ಪ್ರವಚನಗಳಲ್ಲಿ ಕೇಳುತ್ತೇವೆ. ಶಾಸನ ಒಂದು ನಯ. ಪಾಡ್ದನ ಇನ್ನೊಂದು ನಯ. ಮೊದಲನೆಯದು ನಮ್ಮನ್ನು ಹೊಗಳುತ್ತದೆಂಬ ಕಾರಣಕ್ಕೆ ಎರಡನೆಯದನ್ನು ತಳ್ಳಿಹಾಕಿದರೆ ಅದು ಪಕ್ಷಪಾತವಲ್ಲದೆ ಅನೇಕಾಂತವಾಗದು. ಇದಕ್ಕಿಂತಲೂ ಆಶ್ಚರ್ಯದ ಸಂಗತಿಯೆಂದರೆ, ಜೈನ ಅರಸನ ಮೇಲೆ ಇಷ್ಟು ದೊಡ್ಡ ಆರೋಪವನ್ನು ಹೊರಿಸುವ ಈ ದೈವಗಳಿಗೆ ಜೈನ ಬೀಡುಗಳಲ್ಲಿಯೂ ಸ್ಥಾನ ದೊರೆತದ್ದು. ತಮ್ಮ ಅಂಗಳದಲ್ಲಿಯೇ ಕುಳಿತು ಆ ಆರೋಪವನ್ನು ವರ್ಷವರ್ಷವೂ ಕೇಳಿಸಿಕೊಂಡ ಹಿರಿಯರ ದೊಡ್ಡತನವನ್ನು ಇಂದಿನವರು ನೆನೆಯಬೇಕು.

ತತ್ತ್ವಾರ್ಥಸೂತ್ರದ ಏಳನೆಯ ಅಧ್ಯಾಯದಲ್ಲಿ ಅಹಿಂಸಾಣುವ್ರತದ ಐದು ಅತಿಚಾರಗಳನ್ನು ಎಣಿಸಿದೆ: ಬಂಧ, ವಧ, ಛೇದ, ಅತಿಭಾರಾರೋಪಣ, ಅನ್ನಪಾನನಿರೋಧ. ಕಟ್ಟಿಹಾಕುವುದು, ಹೊಡೆಯುವುದು, ಅಂಗಗಳನ್ನು ಕತ್ತರಿಸುವುದು, ಶಕ್ತಿಮೀರಿ ಭಾರ ಹೊರಿಸುವುದು, ಅನ್ನನೀರನ್ನು ತಡೆಯುವುದು. ಪಾಠಶಾಲೆಯ ಮಕ್ಕಳೂ ಇದನ್ನು ಬಾಯಿಪಾಠ ಹೇಳುತ್ತಾರೆ. ಸಾಮಾನ್ಯವಾಗಿ ಎತ್ತು ಕುದುರೆಗಳ ಉದಾಹರಣೆಯನ್ನು ಕೊಟ್ಟು ಮುಂದೆ ಸಾಗುವುದು ವಾಡಿಕೆ. ಹಿರಿಯರು ಆ ದಿನ ಮೂರನೆಯ ಮಾತಿನಲ್ಲಿ ನಿಂತರು. ಛೇದ: ಅದು ಕಲ್ಕುಡನ ಕೈ. ಅಲ್ಲಿಂದ ಅವರ ದೃಷ್ಟಿ ಐದನೆಯದಕ್ಕೆ ಸರಿಯಿತು. ಅನ್ನಪಾನನಿರೋಧ. ಆಗ ಅವರಿಗೆ ನೆನಪಾದದ್ದು ಯಾವ ಅರಸನೂ ಅಲ್ಲ, ಒಂದು ಖಾತೆಯ ಪುಟ.

ತಮ್ಮ ಹುಟ್ಟೂರಿನ ಬಸದಿಯ ಜೀರ್ಣೋದ್ಧಾರ ಸಮಿತಿಗೆ ಅವರೇ ಕೋಶಾಧಿಕಾರಿಗಳು. ಕಾರ್ಯ ಮುಗಿದು ಪಂಚಕಲ್ಯಾಣವೂ ವಿಜೃಂಭಣೆಯಿಂದ ನೆರವೇರಿತ್ತು. ದಾನಿಗಳ ಹೆಸರನ್ನು ಮೊತ್ತದ ಅನುಕ್ರಮದಲ್ಲಿ ಕೆತ್ತಿದ ಅಮೃತಶಿಲೆಯ ಫಲಕ ಮುಖಮಂಟಪದಲ್ಲಿದೆ. ಆದರೆ ಕಲ್ಲಿನ ಕೆಲಸದ ಮೇಸ್ತ್ರಿಗೆ ಕೊನೆಯ ಕಂತಿನ 18,000 ರೂಪಾಯಿ ಸಲ್ಲಲಿಲ್ಲ. ಪ್ರದಕ್ಷಿಣಪಥದ ಎರಡು ಮೆಟ್ಟಿಲು ಸೀಳು ಬಿಟ್ಟಿದ್ದವು. ಅದನ್ನು ಸರಿಪಡಿಸಿದ ಮೇಲೆ ಕೊಡುವುದೆಂದು ಸಮಿತಿ ಹೇಳಿತು. ಸೀಳು ಬಿಟ್ಟದ್ದು ಸಮಿತಿಯವರೇ ಅಗ್ಗಕ್ಕೆ ತರಿಸಿಕೊಟ್ಟ ಕಲ್ಲಿನಿಂದ ಎಂದು ಮೇಸ್ತ್ರಿ ಹೇಳಿದನು. ಎರಡು ಬಾರಿ ಬಂದು ಕೇಳಿದನು. ಮೂರನೆಯ ಬಾರಿ ಬರಲಿಲ್ಲ. ಆ ಮೊತ್ತವು ಮೂರು ವರ್ಷ ‘ಕೊಡತಕ್ಕ ಬಾಕಿ’ ಎಂಬ ಶೀರ್ಷಿಕೆಯಡಿ ಉಳಿದುಕೊಂಡಿತು. ನಾಲ್ಕನೆಯ ವರ್ಷ, ಯಾರೂ ಕೇಳದ ಹಳೆಯ ಬಾಕಿಯನ್ನು ಇಟ್ಟುಕೊಳ್ಳುವುದೇಕೆಂದು ಅದನ್ನು ಆದಾಯಕ್ಕೆ ಜಮಾ ಕಟ್ಟಲಾಯಿತು. ಲೆಕ್ಕಶಾಸ್ತ್ರದ ಪ್ರಕಾರ ತಪ್ಪಿಲ್ಲ. ಆ ನಮೂದನ್ನು ಬರೆದದ್ದು ಹಿರಿಯರ ಕೈಯೇ. ಹೀಗೆ ಒಬ್ಬ ದುಡಿಮೆಗಾರನ ಕೂಲಿ ಒಂದು ಗೆರೆಯಲ್ಲಿ ಜಿನಮಂದಿರದ ಆದಾಯವಾಯಿತು. ಆ ವರ್ಷದ ದೀಪದ ಎಣ್ಣೆಗೂ ಅದರಿಂದಲೇ ಸ್ವಲ್ಪ ಸಂದಿರಬೇಕು.

ಕೈ ಕಡಿಯುವುದಕ್ಕೆ ಕತ್ತಿಯೇ ಬೇಕಾಗಿಲ್ಲ.

ನೇಮದ ರಾತ್ರಿ ದೈವವು ಹಿರಿಯರಿಗೆ ವಿಶೇಷವಾಗಿ ಏನನ್ನೂ ನುಡಿದಿರಲಿಲ್ಲ. ಆ ಮನೆಯ ಇಬ್ಬರು ಅಣ್ಣತಮ್ಮಂದಿರ ತೋಟದ ಗಡಿಯ ವ್ಯಾಜ್ಯವನ್ನು ತೀರಿಸಿತು. ಅತಿಥಿಗಳಿಗೆ ಅಭಯದ ಮಾತು ಹೇಳಿತು. ವ್ಯಂತರದೇವತೆಯೊಂದು ಶ್ರಾವಕನಿಗೆ ಧರ್ಮವನ್ನು ಬೋಧಿಸಬೇಕಾದ ಅಗತ್ಯವೂ ಇಲ್ಲ. ಧರ್ಮವು ನಮ್ಮ ಸೂತ್ರಗಳಲ್ಲಿಯೇ ಇದೆ. ಪಾಡ್ದನವು ಮಾಡಿದ್ದಿಷ್ಟೇ: ಸೂತ್ರದ ಮಾತಿಗೆ ಎದುರಿನಲ್ಲಿ ಒಬ್ಬ ಮನುಷ್ಯನನ್ನು ನಿಲ್ಲಿಸಿತು.

ಮುಂದಿನ ಸಭೆಯಲ್ಲಿ ಹಿರಿಯರು ವಿಷಯವನ್ನು ಪ್ರಸ್ತಾಪಿಸಿದರು. ಸದಸ್ಯರೊಬ್ಬರು ವಕೀಲರು. ಇಂಥ ಬಾಕಿಗೆ ಮೂರು ವರ್ಷದ ಕಾಲಮಿತಿಯಿದೆ, ಈಗ ಕೊಡಬೇಕಾದ ಹೊಣೆಯಿಲ್ಲ ಎಂದರು. ಅದೂ ನಿಜ. ಕಾಲಮಿತಿಯ ಕಾನೂನು ಸಾಲವನ್ನು ವಸೂಲು ಮಾಡುವವನ ದಾರಿಯನ್ನು ಮುಚ್ಚುತ್ತದೆ. ಸಾಲ ಮಾಡಿದವನು ತೀರಿಸುವ ದಾರಿಯನ್ನು ಮುಚ್ಚುವುದಿಲ್ಲ. ಕರ್ಮಸಿದ್ಧಾಂತದಲ್ಲಂತೂ ಅಂಥ ಮಿತಿಯಿಲ್ಲ. ಬಂಧವಾದುದು ಉದಯಕ್ಕೆ ಬಂದೇ ಬರುತ್ತದೆ. ಚರ್ಚೆ ಒಂದು ಗಂಟೆ ನಡೆಯಿತು. ಕೊನೆಗೆ ಹಣ ಕೊಡುವುದೆಂದು ತೀರ್ಮಾನವಾಯಿತು.

ಹಿರಿಯರೇ ಮೇಸ್ತ್ರಿಯ ಮನೆಗೆ ಹೋದರು. ಕಾರ್ಕಳದ ಸೀಮೆಯಲ್ಲಿಯೇ ಅವನ ವಾಸ. ಹಣವನ್ನು ಎಣಿಸಿ ತೆಗೆದುಕೊಂಡ ಅವನು, “ಕೊಟ್ಟಿರಲ್ಲ, ಸಾಕು ಧಣಿಗಳೇ. ಆ ಎರಡು ಮೆಟ್ಟಿಲು ಈಗ ಹೇಗಿವೆ?” ಎಂದು ಕೇಳಿದನು. ಹಾಗೆಯೇ ಇವೆ ಎಂದು ತಿಳಿದಾಗ ಅವನ ಮುಖ ಬಾಡಿತು. ಒಳ್ಳೆಯ ಕಲ್ಲು ತರಿಸಿದರೆ ಬಂದು ಹಾಕಿಕೊಡುವೆನೆಂದನು. ಆ ವರ್ಷಗಳಲ್ಲೆಲ್ಲ ಸಮಿತಿ ಚಿಂತಿಸಿದ್ದು ಹಣದ ಬಗ್ಗೆ. ಕಲ್ಲಿನ ಬಗ್ಗೆ ಚಿಂತಿಸುತ್ತಿದ್ದವನು ಅವನೊಬ್ಬನೇ. ಫಲಕದಲ್ಲಿ ಅವನ ಹೆಸರನ್ನೂ ಕೆತ್ತಬೇಕೆಂಬ ಸಲಹೆ ಇನ್ನೂ ಸಮಿತಿಯ ಮುಂದಿದೆ. ಜಾಗ ಸಾಲದೆಂದು ಒಬ್ಬರು, ಸಂಪ್ರದಾಯವಿಲ್ಲವೆಂದು ಇನ್ನೊಬ್ಬರು.

ಸಂಪ್ರದಾಯವಿಲ್ಲವೆನ್ನುವುದು ಪೂರ್ತಿ ಸರಿಯಲ್ಲ. ಧರ್ಮಸ್ಥಳದಲ್ಲಿ 1982ರಲ್ಲಿ ಪ್ರತಿಷ್ಠೆಗೊಂಡ 39 ಅಡಿಯ ಬಾಹುಬಲಿಯನ್ನು ಕಾರ್ಕಳದಲ್ಲಿ ಕಡೆದವರು ರೆಂಜಾಳ ಗೋಪಾಲ ಶೆಣೈಯವರೆಂದು ಕರಾವಳಿಯ ಜನರು ಇಂದಿಗೂ ಗೌರವದಿಂದ ಹೇಳುತ್ತಾರೆ. ಶಿಲ್ಪಿಯ ಹೆಸರನ್ನು ಹೇಳಿದ್ದರಿಂದ ಮೂರ್ತಿಯ ಮಹಿಮೆಗೆ ಕುಂದು ಬರಲಿಲ್ಲ, ಮಾಡಿಸಿದವರ ಕೀರ್ತಿಯೂ ಕುಗ್ಗಲಿಲ್ಲ. ಇನ್ನು ಪಾಡ್ದನವನ್ನು ಹೊತ್ತು ತಂದವರ ವಿಚಾರ. ನೇಮದ ರಾತ್ರಿ ಯಾರ ಎದುರಿನಲ್ಲಿ ಊರಿನ ದೊಡ್ಡವರು ಕೈಮುಗಿದು ನಿಲ್ಲುತ್ತಾರೋ, ಅವನೇ ಬೆಳಗಾದ ಮೇಲೆ ಅಂಗಳದ ಆಚೆಗೆ ನಿಲ್ಲಬೇಕಾದ ಪದ್ಧತಿ ಬಹುಕಾಲ ನಡೆದುಬಂದಿತು. 2022ರ ಅಕ್ಟೋಬರಿನಲ್ಲಿ ರಾಜ್ಯ ಸರ್ಕಾರವು 60 ವರ್ಷ ಮೀರಿದ ದೈವನರ್ತಕರಿಗೆ ತಿಂಗಳಿಗೆ 2,000 ರೂಪಾಯಿಯ ಮಾಸಾಶನವನ್ನು ಘೋಷಿಸಿತು. ದೈವಸ್ಥಾನಗಳ ಆಡಳಿತವನ್ನು ನಡೆಸುವ ಮನೆತನಗಳು ಸರ್ಕಾರಕ್ಕಿಂತ ಮೊದಲೇ ಯೋಚಿಸಬೇಕಾಗಿದ್ದ ವಿಷಯವಿದು.

ನಮ್ಮ ಬಸದಿಗಳ ಆಡಳಿತ ಮಂಡಳಿಗಳು ಪ್ರತಿವರ್ಷ ಲೆಕ್ಕಪತ್ರವನ್ನು ಒಪ್ಪಿಸುತ್ತವೆ. ಬಂದ ದಾನವನ್ನು ಪೈಸೆ ಬಿಡದೆ ಓದಿ ಹೇಳುವುದುಂಟು. ಅದೇ ಸಭೆಯಲ್ಲಿ, ದುಡಿದವರಿಗೆ ಸಲ್ಲಬೇಕಾದ ಬಾಕಿ ಇಷ್ಟು, ಅದು ಇಂಥವರಿಗೆ, ಇಂಥ ಕಾರಣದಿಂದ ಉಳಿದಿದೆ ಎಂದು ಇನ್ನೊಂದು ಪುಟವನ್ನೂ ಓದುವ ನಿಯಮವಿದ್ದರೆ ಒಳಿತು. ಪರ್ಯೂಷಣದ ಕೊನೆಯಲ್ಲಿ ಸಕಲ ಜೀವರಾಶಿಗಳಲ್ಲಿ ಕ್ಷಮೆ ಯಾಚಿಸುವ ನಾವು, ಹೆಸರು ಗೊತ್ತಿರುವ ಒಬ್ಬ ಜೀವನ ಬಾಕಿಯನ್ನು ಇಟ್ಟುಕೊಂಡು ಆ ಮಾತನ್ನು ಆಡಬಾರದು.

ಮೊಮ್ಮಗಳ ಪ್ರಶ್ನೆಗೆ ಹಿರಿಯರು ಕೊಟ್ಟ ಉತ್ತರವನ್ನು ಹೇಳಿ ಮುಗಿಸಬಹುದು. ರಜೆ ಮುಗಿಸಿ ಬೆಂಗಳೂರಿನ ಬಸ್ಸು ಹತ್ತುವ ದಿನ ಅವಳು ಮತ್ತೆ ಕೇಳಿದಳು. 1432, 1604 ಎಂಬ ಇಸವಿಗಳನ್ನೆಲ್ಲ ಅವಳಿಗೆ ವಿವರಿಸಿ, ಆ ಕಥೆ ಹಾಗೆಯೇ ನಡೆದಿರಲಾರದು ಎಂದು ಅವರು ಹೇಳಿದರು. “ಹಾಗಾದರೆ ಅರಸನ ತಪ್ಪಿಲ್ಲವೇ?” ಎಂದಳು ಹುಡುಗಿ.

“ಅರಸನ ತಪ್ಪು ಗೊತ್ತಿಲ್ಲ ಮಗಾ,” ಎಂದರು ಹಿರಿಯರು. “ನಮ್ಮದು ಗೊತ್ತಾಯಿತು.”